ಮೇರಿ, ಮರಿಯಮ್ಮ, ಮರಿಯಂ

ಬೆಂಗಳೂರಿನ ಶಿವಾಜಿನಗರದ ಹಳೆಯ ಗಲ್ಲಿಗಳಲ್ಲಿ ನಿಂತು ಬರೀ ‘ಮೇರಿ’ ಎಂದು ಕೂಗಿದರೆ ಯಾರು ಓಗೊಡಬೇಕೋ ತಿಳಿಯುವುದಿಲ್ಲ. ಹಾಗಾಗಿ ಆ ಹೆಸರಿಗೆ ಯಾವಾಗಲೂ ಒಂದು ಜೊತೆ ಇರುತ್ತದೆ: ಆರೋಗ್ಯ ಮೇರಿ, ಲೂರ್ದು ಮೇರಿ, ಸ್ಟೆಲ್ಲಾ ಮೇರಿ, ಜಯಮೇರಿ, ಫಾತಿಮಾ ಮೇರಿ. ಸುವಾರ್ತೆ ಬರೆದವರಿಗೂ ಇದೇ ತೊಡಕಿತ್ತು. ಯೇಸುವಿನ ತಾಯಿ ಒಬ್ಬ ಮರಿಯಳು, ಮಗ್ದಲದವಳು ಇನ್ನೊಬ್ಬಳು, ಬೇಥಾನ್ಯದವಳು ಮತ್ತೊಬ್ಬಳು. ಊರು ಹೇಳದೆ ಕಥೆ ಮುಂದೆ ಸಾಗುತ್ತಿರಲಿಲ್ಲ.

ಜೊತೆಗೆ ಬರುವ ಆ ಹೆಸರುಗಳಲ್ಲೇ ಎಷ್ಟು ಊರುಗಳಿವೆ ನೋಡಿ. ಆರೋಗ್ಯ ಮೇರಿ ಎಂದರೆ ವೇಲಾಂಕಣ್ಣಿಯ ಆರೋಗ್ಯ ಮಾತೆ. ಲೂರ್ದು ಫ್ರಾನ್ಸಿನ ಊರು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಫಾತಿಮಾ ಮೇರಿ. ಪೋರ್ಚುಗಲ್‌ನ ಫಾತಿಮಾ ಎಂಬ ಹಳ್ಳಿಯಲ್ಲಿ 1917ರಲ್ಲಿ ಕುರಿ ಕಾಯುವ ಮೂರು ಮಕ್ಕಳು ಮಾತೆಯನ್ನು ಕಂಡೆವೆಂದರು. ಆ ಹಳ್ಳಿಯ ಹೆಸರು ಅರಬ್ಬೀ ಹೆಣ್ಣುಹೆಸರು, ಪೈಗಂಬರರ ಮಗಳ ಹೆಸರು. ಅದು ಅರಬ್ಬರ ಜೊತೆ ಐಬೀರಿಯಾಕ್ಕೆ ಹೋಗಿ, ಅಲ್ಲಿಂದ ಚರ್ಚಿನ ಹಾದಿ ಹಿಡಿದು ದಂಡು ಪ್ರದೇಶದ ಕ್ರೈಸ್ತ ಮನೆಗಳಿಗೆ ಬಂತು. ಪಕ್ಕದ ಬೀದಿಯ ಮುಸ್ಲಿಂ ಮನೆಯಲ್ಲೂ ಒಬ್ಬ ಫಾತಿಮಾ ಇರುತ್ತಾಳೆ.

ಅದೇ ಮನೆಯಲ್ಲಿ ಒಬ್ಬ ಮರಿಯಂ ಕೂಡ ಇರಬಹುದು. ಕುರಾನಿನ 19ನೆಯ ಅಧ್ಯಾಯದ ಹೆಸರೇ ಮರ್ಯಮ್. ಆ ಗ್ರಂಥದಲ್ಲಿ ಹೆಸರು ಹಿಡಿದು ಹೇಳಿರುವ ಹೆಂಗಸು ಆಕೆಯೊಬ್ಬಳೇ. ಹೀಬ್ರೂವಿನ ಮಿರ್ಯಾಮ್ ಗ್ರೀಕಿಗೆ ಬಂದು ಮರಿಯಾ ಆಯಿತು, ಅರಬ್ಬಿಯಲ್ಲಿ ಮರ್ಯಮ್ ಆಯಿತು. ಕನ್ನಡ ಬೈಬಲ್ ಎರಡು ರೂಪಗಳನ್ನೂ ಉಳಿಸಿಕೊಂಡಿದೆ: ಹಳೆಯ ಒಡಂಬಡಿಕೆಯಲ್ಲಿ ಮೋಶೆಯ ಅಕ್ಕ ಮಿರ್ಯಾಮ, ಹೊಸದರಲ್ಲಿ ಮರಿಯಳು. ಆ ‘ಅಳು’ ನಮ್ಮದು. ಎರಡು ಸಾವಿರ ವರ್ಷದ ಹೆಸರಿಗೆ ಕನ್ನಡದ ಹೆಣ್ಣು ಪ್ರತ್ಯಯ ಹಚ್ಚಿ ಮನೆಮಗಳಾಗಿಸಿದವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕಥೋಲಿಕರ ಬಾಯಲ್ಲಿ ಆಕೆ ಮಾತೆ ಮರಿಯಮ್ಮ.

ಮರಿಯಮ್ಮನ ಮೊದಲ ಅಕ್ಷರಕ್ಕೆ ದೀರ್ಘ ಕೊಟ್ಟರೆ ಮಾರಿಯಮ್ಮ, ನಮ್ಮ ಮಾರಮ್ಮ. ಇದರ ಬೇರು ಬೇರೆಯೇ. ಸಂಸ್ಕೃತದಲ್ಲಿ ಮಾರಿ ಎಂದರೆ ಸಾಂಕ್ರಾಮಿಕ ರೋಗ, ತಮಿಳಿನಲ್ಲಿ ಮಳೆ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ನುಗ್ಗಿದಾಗ ಜನ ಮಾರಮ್ಮನ ಮೊರೆಹೊಕ್ಕರು, ಪ್ಲೇಗಮ್ಮ ಎಂದೇ ಗುಡಿ ಕಟ್ಟಿದರು. ಬೇರು ಬೇರೆಯಾದರೂ ಬೇಡಿಕೆ ಒಂದೇ: ಕಾಯಿಲೆ ಕಳೆಯಲಿ, ಮಗು ಉಳಿಯಲಿ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಮಾತೆಯ ಮೂರ್ತಿಗೆ ಸೀರೆ ಉಡಿಸುತ್ತಾರೆ. ಈಗಿನ ಕಟ್ಟಡ ಪ್ರತಿಷ್ಠಾಪನೆಯಾದದ್ದು 1882ರ ಸೆಪ್ಟೆಂಬರ್ 8ರಂದು, ಮರಿಯಮ್ಮನ ಹುಟ್ಟುಹಬ್ಬದ ದಿನ. ಪ್ರತಿವರ್ಷ ಆಗಸ್ಟ್ 29ಕ್ಕೆ ಬಾವುಟ ಏರಿತೆಂದರೆ ಹಬ್ಬದ ದಿನದ ತೇರಿನವರೆಗೂ ಆ ರಸ್ತೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾವಿ ಸೀರೆಯುಟ್ಟು ಹರಕೆ ತೀರಿಸಲು ಬರುವವರಲ್ಲಿ ಎಲ್ಲ ಮತದವರೂ ಇರುತ್ತಾರೆ. ಅವರಲ್ಲಿ ಯಾರು ಮರಿಯಮ್ಮ ಎಂದರು, ಯಾರು ಮಾರಿಯಮ್ಮ ಎಂದರು ಎಂದು ವಿಂಗಡಿಸುವ ಕೆಲಸ ನಿಘಂಟಿನದು, ಭಕ್ತರದಲ್ಲ.

ನಿಘಂಟು ಎಂದಾಗ ಎಂ. ಮರಿಯಪ್ಪ ಭಟ್ಟರು ನೆನಪಾಗುತ್ತಾರೆ. ಕಿಟೆಲ್ ಕೋಶವನ್ನು ಪರಿಷ್ಕರಿಸಿ ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟವರು ಅವರು. ಮರಿಯಪ್ಪ, ಮರಿಯಮ್ಮ ಗಂಡಹೆಂಡತಿಯ ಹೆಸರಿನಂತೆ ಕೇಳಿಸುತ್ತವೆ, ಆದರೆ ನೆಂಟಸ್ತಿಕೆ ಇಲ್ಲ. ಮರಿಯಪ್ಪನ ‘ಮರಿ’ ಚಿಕ್ಕದು ಎನ್ನುವ ಕನ್ನಡದ ಮರಿ. ಲಾಲ್‌ಬಾಗಿನ ತೋಟಗಾರಿಕೆಯ ದೊಡ್ಡ ಹೆಸರು ಎಂ.ಎಚ್. ಮರಿಗೌಡರದ್ದೂ ಅದೇ ಮರಿ. ಗಂಡಸರಲ್ಲಿ ಮಾತೆಯ ಹೆಸರು ಹೊತ್ತವರು ಮರಿಯದಾಸ್, ಮರಿಯಪ್ರಕಾಶ್. ಹೆಣ್ಣಿನ ಹೆಸರನ್ನು ಗಂಡುಮಗನಿಗೆ ಇಡಲು ಈ ಕಡೆ ಯಾರೂ ಹಿಂಜರಿಯಲಿಲ್ಲ.

ಚಹಾ ಅಂಗಡಿಯ ಗಾಜಿನ ಡಬ್ಬಿಯಲ್ಲೂ ಈ ಹೆಸರಿದೆ. 1874ರಲ್ಲಿ ರಷ್ಯಾದ ರಾಜಕುಮಾರಿ ಮರಿಯಾ ಅಲೆಕ್ಸಾಂಡ್ರೊವ್ನಾ ಇಂಗ್ಲೆಂಡಿನ ರಾಣಿಯ ಮಗನನ್ನು ಮದುವೆಯಾದಾಗ ಲಂಡನ್ನಿನ ಬೇಕರಿಯೊಂದು ಆಕೆಯ ಹೆಸರಲ್ಲಿ ಬಿಸ್ಕತ್ತು ಮಾಡಿತು. ನಾವು ಅದನ್ನು ಮಾರಿ ಬಿಸ್ಕತ್ತು ಎನ್ನುತ್ತೇವೆ. ಜ್ವರ ಬಂದ ಮಗುವಿಗೆ ಹಾಲಿನಲ್ಲಿ ಅದ್ದಿ ಕೊಡುವುದೂ ಅದನ್ನೇ.

ಇಷ್ಟು ಸಾಮಾನ್ಯವಾದ ಹೆಸರನ್ನು ಹೊತ್ತ ಕೆಲವರು ಮಾಡಿದ ಕೆಲಸ ಮಾತ್ರ ಅಸಾಮಾನ್ಯ. ತಂದೆಯ ಆಸ್ತಿಯಲ್ಲಿ ಸಮಪಾಲು ಕೇಳಿ, ಕೇರಳದ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳ ಪರವಾಗಿ 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದವರು ಮೇರಿ ರಾಯ್. ಮಣಿಪುರದ ಮೇರಿ ಕೋಮ್ ಆರು ಸಲ ವಿಶ್ವ ಬಾಕ್ಸಿಂಗ್ ಚಾಂಪಿಯನ್. ಎರಡು ನೊಬೆಲ್ ಪಡೆದ ಕ್ಯೂರಿ ಪೋಲೆಂಡಿನ ತವರುಮನೆಯಲ್ಲಿ ಮರಿಯಾ. ಗಣಿತದ ಫೀಲ್ಡ್ಸ್ ಪದಕವನ್ನು 2014ರಲ್ಲಿ ಹೆಣ್ಣುಮಕ್ಕಳಲ್ಲಿ ಮೊದಲು ಪಡೆದ ಇರಾನಿನ ಮಿರ್ಜಾಖಾನಿ ಮರಿಯಂ.

ಈಗಿನ ಮಕ್ಕಳಿಗೆ ಶರೋನ್, ಏಂಜೆಲ್, ಜೆನಿಫರ್ ಎಂದು ಹೆಸರಿಡುತ್ತಾರೆ. ಶಾಲೆಯ ಹಾಜರಿಯಲ್ಲಿ ಮೇರಿ ಕಡಿಮೆಯಾಗುತ್ತಿದ್ದಾಳೆ, ಚರ್ಚಿನ ಜ್ಞಾನಸ್ನಾನದ ದಾಖಲೆಯಲ್ಲಿ ಮಾತ್ರ ಎರಡನೆಯ ಹೆಸರಾಗಿ ಉಳಿಯುತ್ತಾಳೆ. ಹೊಸ ಹೆಸರುಗಳೂ ಚೆಂದವೇ. ಆದರೂ ಹೆತ್ತವರು ಕೇಳಿದರೆ ನಾನು ಹೇಳುವುದು ಇಷ್ಟೇ: ಎರಡನೆಯದನ್ನು ಮೊದಲಿಗೆ ತನ್ನಿ, ಅಜ್ಜಿಯ ಹೆಸರನ್ನು ಶಾಲೆಯಲ್ಲೂ ಕೂಗಲಿ.