ಮರ್ಸಿಡಿಸ್ ಎಂಬ ಹುಡುಗಿ

ಮರ್ಸಿಡಿಸ್ ಎಂದರೆ ಕಾರು ಎಂದಷ್ಟೇ ನಾನು ಬಹಳ ಕಾಲ ತಿಳಿದಿದ್ದೆ. ಅದು ಹೆಣ್ಣುಮಕ್ಕಳಿಗಿಡುವ ಅಚ್ಚ ಸ್ಪ್ಯಾನಿಷ್ ಹೆಸರೆಂದು ಗೊತ್ತಾದದ್ದು ತೀರ ತಡವಾಗಿ.

ಸ್ಪೇನಿನಲ್ಲಿ ಮೇರಿಮಾತೆಯನ್ನು 'ಮರಿಯಾ ದೆ ಲಾಸ್ ಮೆರ್ಸೆದೆಸ್' ಎಂದೂ ಕರೆಯುತ್ತಾರೆ. ಕರುಣೆಯ ತಾಯಿ ಎಂದರ್ಥ. ಅದರ ಕೊನೆಯ ತುಂಡೇ ಈ ಹೆಸರು. ತಮಾಷೆಯೆಂದರೆ, ಲ್ಯಾಟಿನ್ ಮೂಲದಲ್ಲಿ ಆ ಪದಕ್ಕೆ ಕೂಲಿ, ಬೆಲೆ ಎಂಬ ಅರ್ಥ! ಕ್ರೈಸ್ತರ ಬಾಯಲ್ಲಿ ಅದು ದೇವರು ಕೊಡುವ ಪ್ರತಿಫಲವಾಗಿ, ಆಮೇಲೆ ಕರುಣೆಯಾಯಿತು. 1218ರಲ್ಲಿ ಬಾರ್ಸೆಲೋನಾದಲ್ಲಿ ಪೆದ್ರೊ ನೊಲಾಸ್ಕೊ ಈ ತಾಯಿಯ ಹೆಸರಿನಲ್ಲಿ ಕಟ್ಟಿದ ಪಂಗಡದವರು ಸೆರೆಸಿಕ್ಕವರನ್ನು ಹಣ ತೆತ್ತು ಬಿಡಿಸುತ್ತಿದ್ದರು. ಬೆಲೆಯೂ ಕರುಣೆಯೂ ಅಲ್ಲಿ ಒಂದೇ ಆಗಿದ್ದವು. ಫ್ರೆಂಚರ 'ಮೆರ್ಸಿ', ಅಂದರೆ ಅವರ ಥ್ಯಾಂಕ್ಸ್, ಇದೇ ಬೇರಿನದು. ಸ್ಪೇನಿನವರು ದೊಡ್ಡವರಿಗೆ 'ನೀವು' ಎನ್ನುವ 'ಉಸ್ತೆದ್' ಕೂಡ, 'ತಮ್ಮ ಕೃಪೆ' ಎಂಬರ್ಥದ 'ವುಯೆಸ್ತ್ರ ಮೆರ್ಸೆದ್' ಸವೆದು ಆದದ್ದು.

ಇನ್ನು ಕಾರಿನ ಹುಡುಗಿ. 1889ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವಳು; ಸ್ಪೇನಿನವಳಲ್ಲ. ಚಿಕ್ಕವಳಿದ್ದಾಗಲೇ ತಾಯಿ ಇಲ್ಲವಾದಳು. ಅಪ್ಪ ಎಮಿಲ್ ಯೆಲಿನೆಕ್ ಡೈಮ್ಲರ್ ಕಾರುಗಳ ವ್ಯಾಪಾರಿ. 1899ರಲ್ಲಿ ಫ್ರಾನ್ಸಿನ ನೀಸ್ ನಗರದ ಪಂದ್ಯಕ್ಕೆ ಮಗಳ ಹೆಸರು ಹೇಳಿಕೊಂಡೇ ಇಳಿದ. ಮುಂದೆ ಹೊಸ ಕಾರಿಗೂ ಅದನ್ನೇ ಇಡಿಸಿದ. 1903ರಲ್ಲಂತೂ ತನ್ನ ಹೆಸರನ್ನೇ ಯೆಲಿನೆಕ್-ಮರ್ಸಿಡಿಸ್ ಎಂದು ಬದಲಿಸಿಕೊಂಡ.

ಮದುವೆಯ ದಿನ ಅಕ್ಕಿಯ ಮೇಲೆ ಬರೆದ ಹೊಸ ಹೆಸರಿಗೆ ಓಗೊಡಲು ನನಗೆ ವರ್ಷವೇ ಹಿಡಿದಿತ್ತು. ಮಗಳ ಹೆಸರಿಗೆ ಅಂಟಿಕೊಂಡ ಅಪ್ಪನ ಕಥೆ ಓದಿ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆದರೆ ಕಾರಿಗೆ ಹೆಸರಿಡುವಾಗ ಆ ಹತ್ತು-ಹನ್ನೊಂದರ ಹುಡುಗಿಯನ್ನು ಯಾರಾದರೂ ಒಂದು ಮಾತು ಕೇಳಿದ್ದರೇ? 1929ರಲ್ಲಿ ವಿಯೆನ್ನಾದಲ್ಲೇ ತೀರಿಕೊಂಡಾಗ ಅವಳಿಗೆ ನಲವತ್ತೂ ತುಂಬಿರಲಿಲ್ಲ.