ಒಂದು ಅಕ್ಷರದ ಅಂತರ

ಪುಣೆಯ ನನ್ನ ಮೊದಲ ಕೆಲಸದಲ್ಲಿ ಪಕ್ಕದ ಸೀಟಿನಲ್ಲಿ ಕೋಟ್ಟಯಂ ಕಡೆಯ ಗೆಳೆಯನೊಬ್ಬ ಇದ್ದ. ಒಂದು ಕ್ರಿಸ್‌ಮಸ್‌ಗೆ ಅವನು ತಂದ ಕೇಕ್ ತಿನ್ನುತ್ತಾ ನಾನು, "ಯೇಸು ಅಂದ್ರೆ ನಮ್ಮ ರಾಮ, ಕೃಷ್ಣರ ಥರಾ ಒಂದು ಅವತಾರ, ಅಷ್ಟೇ ತಾನೇ?" ಅಂದೆ. ಅವನು ನಕ್ಕ. "ಆ 'ಅಷ್ಟೇ' ಬಗ್ಗೆ ನಮ್ಮವರು ನೂರಾರು ವರ್ಷ ಜಗಳ ಆಡಿದ್ದಾರೆ ಮಾರಾಯ" ಅಂದ. ಇವತ್ತು ಆ ಜಗಳದ ಕಥೆ.

ಶುರುವಾದದ್ದು ನಾಲ್ಕನೇ ಶತಮಾನದ ಆರಂಭದಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಅರಿಯಸ್ ಎಂಬ ಪಾದ್ರಿಯ ವಾದ ಕೇಳೋಕೆ ಸರಳ: ದೇವರು ಒಬ್ಬನೇ, ಅವನಿಗೆ ಆದಿಯಿಲ್ಲ. ಮಗನಿಗೆ ಆದಿಯಿದೆ. ಮಗ ಸೃಷ್ಟಿಯಲ್ಲೆಲ್ಲ ಶ್ರೇಷ್ಠ, ಆದರೂ ಸೃಷ್ಟಿಯೇ. ಅಂದರೆ ಯೇಸುವಾಗಿ ಹುಟ್ಟಿ ಬಂದವನು ಆ ಪರಮ ದೇವರಲ್ಲ, ದೇವರು ಕಳಿಸಿದವನು.

ಗಲಾಟೆ ಹೆಚ್ಚಿತು. ಸಾಮ್ರಾಟ ಕಾನ್‌ಸ್ಟಂಟೈನ್ 325ರಲ್ಲಿ ನೈಸಿಯಾದಲ್ಲಿ, ಅಂದರೆ ಇಂದಿನ ಟರ್ಕಿಯ ಇಜ್ನಿಕ್‌ನಲ್ಲಿ, ಬಿಷಪ್ಪರ ಸಭೆ ಕರೆದ. ಸಭೆ 'ಹೊಮೊಊಸಿಯೋಸ್' ಎಂಬ ಗ್ರೀಕ್ ಪದ ಆರಿಸಿತು: ತಂದೆ, ಮಗ ಇಬ್ಬರದೂ ಒಂದೇ ಸತ್ವ. 350ರ ದಶಕದಲ್ಲಿ ಕೆಲವರು 'ಹೊಮೊಯಿಊಸಿಯೋಸ್' ಎಂಬ ಪದ ಮುಂದಿಟ್ಟರು: ಒಂದೇ ಸತ್ವವಲ್ಲ, ಹೋಲುವ ಸತ್ವ. ಗ್ರೀಕಿನಲ್ಲಿ ವ್ಯತ್ಯಾಸ ಒಂದೇ ಅಕ್ಷರ, ಅಯೋಟ. ಒಂದು ಕ್ಯಾರೆಕ್ಟರ್ ತಪ್ಪಿ ಮಧ್ಯರಾತ್ರಿ ಪ್ರೊಡಕ್ಷನ್ ಬಿದ್ದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೈಸಿಯಾದ ಪರ ಕಡೆವರೆಗೂ ನಿಂತವನು ಅಥನೇಸಿಯಸ್. 328ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಆದ. ಐದು ಸಲ ಗಡಿಪಾರು, ಒಟ್ಟು ಸುಮಾರು 17 ವರ್ಷ. ಆರೋಪಗಳಲ್ಲಿ ರಾಜಕೀಯವೂ ಇತ್ತು. ರಾಜಧಾನಿಗೆ ಹೋಗೋ ಧಾನ್ಯದ ಹಡಗು ನಿಲ್ಲಿಸ್ತೀನಿ ಅಂದ ಅಂತಲೂ ದೂರಿದರು.

ಅವನಿಗೆ ಯಾಕೆ ಇಷ್ಟು ಹಠ? ಅವನದೊಂದು ಹೋಲಿಕೆ ಕೇಳಿ. ದೊಡ್ಡ ರಾಜ ಒಂದು ಊರಿಗೆ ಬಂದು ಒಂದೇ ಮನೆಯಲ್ಲಿ ಉಳಿದರೂ ಇಡೀ ಊರಿಗೆ ಗೌರವ ಬರುತ್ತೆ, ಕಳ್ಳಕಾಕರು ಹತ್ತಿರ ಸುಳಿಯಲ್ಲ. ಹಾಗೇ ದೇವರು ಒಂದು ದೇಹದಲ್ಲಿ ನೆಲೆಸಿದರೆ ಇಡೀ ಮನುಷ್ಯಕುಲಕ್ಕೇ ಸಾವಿನಿಂದ ರಕ್ಷೆ. ಆದರೆ ಬಂದವನು ರಾಜನೇ ಆಗಿರಬೇಕು. ಸೃಷ್ಟಿಯಾದವನು ಇನ್ನೊಂದು ಸೃಷ್ಟಿಯನ್ನು ಹೇಗೆ ಉಳಿಸಿಯಾನು?

ಇದು ಪಂಡಿತರ ಮಾತಾಗಿ ಮಾತ್ರ ಉಳಿಯಲಿಲ್ಲ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ರೊಟ್ಟಿಯ ಬೆಲೆ ಕೇಳಿದರೆ ಅಂಗಡಿಯವನು ತಂದೆ ದೊಡ್ಡವನು, ಮಗ ಚಿಕ್ಕವನು ಅಂತ ಶುರುಮಾಡ್ತಾನೆ ಎಂದು ನಿಸ್ಸಾದ ಗ್ರೆಗರಿ ಬೇಸರಪಟ್ಟಿದ್ದಾನೆ. ಅದೇ ಊರಿನಲ್ಲಿ 381ರಲ್ಲಿ ಸೇರಿದ ಸಭೆ ನೈಸಿಯಾದ ಮಾತನ್ನೇ ಗಟ್ಟಿಮಾಡಿತು.

ಆಮೇಲೆ ಎದ್ದದ್ದು ಇನ್ನೊಂದು ಪ್ರಶ್ನೆ. ದೇವರೇ ಆದರೆ ಅವನ ಹಸಿವು, ಕಣ್ಣೀರು, ಸಾವು ನಿಜವೋ ನಾಟಕವೋ? ನಿಜವೇ, ಅಂದಿತು 451ರ ಕಾಲ್ಸಿಡಾನ್ ಸಭೆ: ಪೂರ್ತಿ ದೇವರು, ಪೂರ್ತಿ ಮನುಷ್ಯ, ಎರಡು ಸ್ವಭಾವ, ವ್ಯಕ್ತಿ ಒಬ್ಬನೇ. 'ಎರಡು ಸ್ವಭಾವ' ಎಂಬ ಮಾತನ್ನು ಈಜಿಪ್ಟಿನ ಕಾಪ್ಟರು, ಸಿರಿಯಾದ ಬಹಳಷ್ಟು ಜನ ಒಪ್ಪಲಿಲ್ಲ. ದೈವತ್ವ, ಮನುಷ್ಯತ್ವ ಬೆರೆತು ಹೋಗದೆ ಒಂದಾಗಿವೆ, ಅದನ್ನು ಎರಡು ಅಂತ ಎಣಿಸಬೇಡಿ ಅಂದರು. ಆ ಒಡಕು ಇವತ್ತಿಗೂ ಇದೆ. ನನ್ನ ಗೆಳೆಯನ ಮನೆಯವರ ಮಲಂಕರ ಆರ್ಥಡಾಕ್ಸ್ ಚರ್ಚು ಆ ಒಪ್ಪದವರ ಸಾಲಿನದೇ.

ನಮ್ಮಲ್ಲಿ ಅವತಾರ ಯುಗಯುಗಕ್ಕೂ ಬರುತ್ತೆ, ಕೆಲಸ ಮುಗಿಸಿ ಹೋಗುತ್ತೆ. ಅವರ ನಂಬಿಕೆಯಲ್ಲಿ ದೇವರು ಬಂದದ್ದು ಒಂದೇ ಸಲ, ತೊಟ್ಟ ಮನುಷ್ಯತ್ವವನ್ನು ಮತ್ತೆ ಕಳಚಲೇ ಇಲ್ಲ. ಯಾವುದು ಸರಿ ಅಂತ ತೀರ್ಪು ಕೊಡೋಕೆ ನಾನು ಯಾರು? ಕಷ್ಟದಲ್ಲಿರುವ ಮನೆಗೆ ಯಜಮಾನ ತಾನೇ ಬಂದನೋ, ಆಳನ್ನು ಕಳಿಸಿದನೋ ಅನ್ನೋದು ಆ ಮನೆಯವರಿಗೆ ಸಣ್ಣ ವಿಷಯ ಅಲ್ಲ. ಇನ್ನೊಬ್ಬರ ನಂಬಿಕೆ ಬಗ್ಗೆ 'ಅಷ್ಟೇ ತಾನೇ' ಅನ್ನೋದನ್ನು ನಾನಂತೂ ಅವತ್ತಿಂದ ಬಿಟ್ಟೆ. ಮತ್ತೆ ಸಿಗೋಣ.