ಮೈನೆರೆಯುವ ವಯಸ್ಸು: ಎಣಿಕೆ ಮತ್ತು ಆಚರಣೆ

ಹೆಣ್ಣುಮಗಳು ಮೈನೆರೆಯುವುದು ದೇಹದ ಸಹಜ ಕ್ರಿಯೆ. ಆದರೆ ಅದು ಎಷ್ಟನೆಯ ವಯಸ್ಸಿನಲ್ಲಿ ಘಟಿಸುತ್ತದೆ ಎಂಬ ಪ್ರಶ್ನೆಗೆ ಒಂದು ಸಾಮಾಜಿಕ ಚರಿತ್ರೆಯಿದೆ. ಕೃಷ್ಣಾ ತೀರದ ತುಬಚಿಯನ್ನೊಳಗೊಂಡ ಜಮಖಂಡಿ ಸೀಮೆಯ ಆಡುಮಾತಿನಲ್ಲಿ ಇದನ್ನು ‘ದೊಡ್ಡಾಕಿ ಆದಳು’ ಎನ್ನುತ್ತಾರೆ. ಈ ಮಾತಿನಲ್ಲಿ ವರ್ಷಗಳ ಲೆಕ್ಕವಿಲ್ಲ. ನಿನ್ನೆಯವರೆಗೆ ಮಗುವಾಗಿದ್ದವಳು ಇಂದು ಮದುವೆಗೆ ಬಂದವಳಾದಳೆಂಬ ಸಾರುವಿಕೆಯಿದೆ. ಹುಡುಗಿಯನ್ನು ಕೂಡ್ರಿಸಿ, ಆರತಿ ಬೆಳಗಿ, ಉಡಿ ತುಂಬಿ, ಸೋಬಾನೆ ಹಾಡುವ ಆಚರಣೆ ಈ ಬದಲಾವಣೆಯನ್ನು ಊರಿಗೆ ತಿಳಿಸುತ್ತದೆ.

ಪರಂಪರೆಯು ಈ ಘಟನೆಯ ಕಾಲವನ್ನು ಅಲಕ್ಷಿಸಲಿಲ್ಲ ಎಂಬುದು ಗಮನಾರ್ಹ. ಪಂಚಾಂಗಗಳು ಪ್ರಥಮ ರಜೋದರ್ಶನದ ತಿಥಿ, ವಾರ, ನಕ್ಷತ್ರಗಳಿಗೆ ಫಲ ಹೇಳಿದವು. ದೋಷವಿದ್ದರೆ ಋತುಶಾಂತಿಯನ್ನು ವಿಧಿಸಿದವು. ಅಂದರೆ ಗಳಿಗೆಯನ್ನು ನೋಡಿದರು, ಹುಡುಗಿಯ ವಯಸ್ಸನ್ನು ನೋಡಲಿಲ್ಲ. ಪರಾಶರಸ್ಮೃತಿಯು ಎಂಟು ವರ್ಷದವಳನ್ನು ಗೌರಿ, ಒಂಬತ್ತರವಳನ್ನು ರೋಹಿಣಿ, ಹತ್ತರವಳನ್ನು ಕನ್ಯೆ ಎಂದು ಕರೆದು, ಅನಂತರ ರಜಸ್ವಲೆ ಎಂದಿತು. ಸುಶ್ರುತಸಂಹಿತೆ ಹನ್ನೆರಡರ ಬಳಿಕ ರಜಸ್ಸು ಕಾಣುವುದೆಂದಿತು. ಮೊದಲನೆಯದು ಮದುವೆಯನ್ನು ಅವಸರಪಡಿಸುವ ವಿಧಿ. ಎರಡನೆಯದು ವೈದ್ಯರ ಅವಲೋಕನ. ವಚನಕಾರರ ಪರಂಪರೆ ರಜಸ್ಸೂತಕವನ್ನು ನಿರಾಕರಿಸಿದರೂ ‘ಹೊರಗಾಗುವ’ ರೂಢಿ ಈ ಸೀಮೆಯ ಅನೇಕ ಮನೆಗಳಲ್ಲಿ ಉಳಿದುಬಂದಿತು.

ವಯಸ್ಸಿನ ಪ್ರಶ್ನೆ ಸಾರ್ವಜನಿಕ ವಿವಾದವಾದದ್ದು 19ನೆಯ ಶತಮಾನದ ಕೊನೆಯಲ್ಲಿ. ಕಲಕತ್ತೆಯಲ್ಲಿ ಬಾಲವಧು ಫೂಲಮಣಿ ದಾಸಿಯ ಸಾವು ಸಂಭವಿಸಿದ ಬಳಿಕ, 1891ರ ಸಮ್ಮತಿ ವಯೋಮಿತಿ ಕಾಯಿದೆಯು ಮಿತಿಯನ್ನು 10ರಿಂದ 12ಕ್ಕೆ ಏರಿಸಿತು. ಹನ್ನೆರಡಕ್ಕೆ ಮೊದಲೇ ಮೈನೆರೆದರೆ ಗರ್ಭಾದಾನ ಸಂಸ್ಕಾರಕ್ಕೆ ಅಡ್ಡಿಯಾಗುವುದೆಂದು ವಿರೋಧಿಗಳು ವಾದಿಸಿದರು. ಬಾಲಗಂಗಾಧರ ತಿಲಕರು ಕಾಯಿದೆಯನ್ನು ವಿರೋಧಿಸಿದರೆ, ರಾಮಕೃಷ್ಣ ಗೋಪಾಲ ಭಾಂಡಾರಕರರು ಶಾಸ್ತ್ರಾಧಾರದಿಂದಲೇ ಅದನ್ನು ಸಮರ್ಥಿಸಿದರು. 1929ರ ಶಾರದಾ ಕಾಯಿದೆ ಹುಡುಗಿಯರ ಮದುವೆಗೆ 14 ವರ್ಷವನ್ನು ನಿಗದಿಪಡಿಸಿತು. ಆದರೆ ಇವು ಬ್ರಿಟಿಷ್ ಇಂಡಿಯಾದ ಕಾಯಿದೆಗಳು. ಜಮಖಂಡಿ, ಮುಧೋಳಗಳು ಆಗ ದೇಶೀಯ ಸಂಸ್ಥಾನಗಳು. 1978ರ ತಿದ್ದುಪಡಿಯಿಂದ ಈ ಮಿತಿ 18ಕ್ಕೇರಿತು. ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕವು 2016ರಲ್ಲಿ ತಂದ ತಿದ್ದುಪಡಿ ಅಂಥ ಮದುವೆಗಳನ್ನು ಆರಂಭದಿಂದಲೇ ಅಸಿಂಧುಗೊಳಿಸಿತು.

ಇಂದಿನ ಸಂಶೋಧಕರು ಈ ವಯಸ್ಸನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ಅರಿಯುತ್ತಾರೆ. ವಯಸ್ಸು ತಿಳಿದಿರುವ ಬಾಲಕಿಯರನ್ನು ಮೈನೆರೆದಿದ್ದಾರೆಯೇ ಎಂದಷ್ಟೇ ಕೇಳಿ ಸರಾಸರಿಯನ್ನು ಗಣಿಸುವುದು ಒಂದು. ದೊಡ್ಡ ಹೆಂಗಸರ ನೆನಪನ್ನು ಆಧರಿಸುವುದು ಇನ್ನೊಂದು. ಜನನದ ದಾಖಲೆಯಿಲ್ಲದ ತಲೆಮಾರು ಬರ, ಹೊಳೆ ಬಂದ ವರ್ಷ, ಜಾತ್ರೆ, ಮದುವೆಗಳಿಂದ ಕಾಲವನ್ನು ಗುರುತಿಸುತ್ತಿತ್ತು. ಆದ್ದರಿಂದ ಎರಡನೆಯ ವಿಧಾನಕ್ಕೆ ಜನಪದರ ಕಾಲಗಣನೆಯ ಅರಿವು ಅಗತ್ಯ. 2005ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವು ದೇಶದ ಸರಾಸರಿಯನ್ನು 13.76 ವರ್ಷವೆಂದು ಕಂಡುಕೊಂಡಿತು. ಹತ್ತು ವರ್ಷಕ್ಕೆ ಸುಮಾರು ಒಂದು ತಿಂಗಳಂತೆ ಅದು ಇಳಿಯುತ್ತ ಬಂದಿದೆ. ಪೋಷಣೆಯ ಸುಧಾರಣೆ ಇಂಥ ಇಳಿಕೆಗೆ ಮುಖ್ಯ ಕಾರಣವೆಂದು ಭಾವಿಸಲಾಗಿದೆ.

ಈ ಅಂಕಿಯನ್ನು ಕಾಯಿದೆಯ 18ರ ಪಕ್ಕದಲ್ಲಿಟ್ಟು ನೋಡಬೇಕು. ನಡುವೆ ಉಳಿಯುವುದು ನಾಲ್ಕು ವರ್ಷಕ್ಕೂ ಮಿಕ್ಕ ಅವಧಿ. ಅದು ಪ್ರೌಢಶಾಲೆಯ ಕಾಲವೂ ಹೌದು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ನಡೆಸಿದ ‘ಸಮತಾ’ ಯೋಜನೆ ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರನ್ನು ಈ ಅವಧಿಯಲ್ಲಿ ಶಾಲೆಯಲ್ಲಿ ಉಳಿಸಲು, ಮದುವೆಯನ್ನು ಮುಂದೂಡಲು ಯತ್ನಿಸಿತು. ಮೈನೆರೆಯುವ ವಯಸ್ಸು ಇಳಿದಷ್ಟೂ ಈ ಅವಧಿ ಹಿಗ್ಗುತ್ತದೆ. ‘ದೊಡ್ಡಾಕಿ’ ಎಂಬ ಮಾತನ್ನು ಮದುವೆಯ ಅಪ್ಪಣೆಯೆಂದು ತಿಳಿಯುವ ಮನೆಯಲ್ಲಿ ಹುಡುಗಿಯ ಬಾಲ್ಯ ಅಷ್ಟೇ ಬೇಗ ಮುಗಿಯುತ್ತದೆ. ಆದಕಾರಣ ವಯಸ್ಸಿನ ಅಧ್ಯಯನವು ಸರಾಸರಿಯನ್ನು ಹೇಳಿ ನಿಲ್ಲುವಂತಿಲ್ಲ. ದೇಹ ಬೆಳೆದ ದಿನಕ್ಕೂ ಹುಡುಗಿಯನ್ನು ದೊಡ್ಡವಳೆಂದು ಸಮಾಜ ನಿರ್ಣಯಿಸುವ ದಿನಕ್ಕೂ ಇರಬೇಕಾದ ಅಂತರವನ್ನು ಅದು ಕಾಣಿಸಬೇಕಾಗಿದೆ.